ಉಳವಪ್ಪನ ಆರು ಬಾಯಿಯ ಕೊಳವೆ

ಹಳಿಯಾಳದ ಪೇಟೆಯಲ್ಲಿ ತಗಡಿನ ಕೆಲಸದ ಉಳವಪ್ಪನನ್ನು ಅರಿಯದವರು ಕಡಿಮೆ. ಅಂಥವರು ಯಾರಾದರೂ ಇದ್ದರೆ ಅವನೇ ಹೋಗಿ ಪರಿಚಯ ಮಾಡಿಕೊಂಡು ಬರುತ್ತಿದ್ದ. ಚಿಮಣಿ, ಲಾಳಿಕೆ, ಹಾಲಿನ ಮಾಪು, ಎಣ್ಣೆ ಡಬ್ಬಿ, ತಗಡಿನಲ್ಲಿ ಏನೇನು ಆಗುತ್ತದೋ ಅದೆಲ್ಲ ಅವನ ಕೈಯಲ್ಲಿ ಆಗುತ್ತಿತ್ತು. ಸೋರುವ ಕೊಡ ಕೊಟ್ಟು ಹೋದರೆ ಬೆಸುಗೆ ಹಾಕಿ ಸುಮ್ಮನೆ ಕೊಡುವ ಆಸಾಮಿಯಲ್ಲ. ಅದರಲ್ಲಿ ನೀರು ತುಂಬಿಸಿ, ಬೀದಿಯಲ್ಲಿ ಹೋಗುವ ನಾಲ್ಕು ಜನರನ್ನು ನಿಲ್ಲಿಸಿ, ಒಂದು ಹನಿಯೂ ಬೀಳುವುದಿಲ್ಲ ಎಂದು ತೋರಿಸಿ, ಅವರು ತಲೆಯಾಡಿಸಿದ ಮೇಲೆಯೇ ಕೊಡದ ಒಡತಿಗೆ ಕೊಡುತ್ತಿದ್ದ. ಒಡತಿ ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿರಬೇಕಾಗುತ್ತಿತ್ತು.

ಆಳು ಗಿಡ್ಡ, ಹೊಟ್ಟೆ ಸ್ವಲ್ಪ ಮುಂದೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಗೆ ಹಳದಿ ರುಮಾಲು. ಬಾಯಿ ತೆರೆದರೆ ಶರಣರ ಮಾತು. ಆ ಮಾತುಗಳಲ್ಲೆಲ್ಲ ಅವನಿಗೆ ಪ್ರಾಣವಾಗಿದ್ದದ್ದು ಒಂದು: ಪಂಕ್ತಿಯಲ್ಲಿ ಭೇದ ಮಾಡಬಾರದು. ಸಾಲಿನಲ್ಲಿ ಕುಳಿತವರಿಗೆಲ್ಲ ಒಂದೇ ಎಲೆ, ಒಂದೇ ಅಡುಗೆ, ಒಂದೇ ಸೌಟು. ಯಾವ ದಾಸೋಹಕ್ಕೆ ಹೋದರೂ ಊಟಕ್ಕೆ ಮುಂಚೆ ಒಮ್ಮೆ, ಉಂಡು ಕೈತೊಳೆದ ಮೇಲೆ ಇನ್ನೊಮ್ಮೆ ಇದನ್ನು ಹೇಳದೆ ಅವನು ಮನೆಗೆ ಬಂದದ್ದಿಲ್ಲ. ಒಂದು ಸಣ್ಣ ಸಂಗತಿ ಮಾತ್ರ ಅವನ ಗಮನಕ್ಕೆ ಬಂದಿರಲಿಲ್ಲ. ಇಪ್ಪತ್ತು ವರ್ಷದಿಂದ ಯಾವ ಪಂಕ್ತಿಯಲ್ಲೂ ಅವನು ಹಿಡಿಯುತ್ತಿದ್ದುದು ಅಡುಗೆ ಬಾಗಿಲ ಪಕ್ಕದ ಮೊದಲ ಎಲೆಯನ್ನೇ. ಹುಗ್ಗಿಯ ಪಾತ್ರೆ ಹೊರಗೆ ಬಂದಾಗ ಮೊದಲು ಕಾಣುವ ಎಲೆ ಅವನದು, ಪಾತ್ರೆ ಒಳಗೆ ಹೋಗುವಾಗ ಕೊನೆಗೆ ಸಿಗುವ ಎಲೆಯೂ ಅವನದೇ. ಭೇದವಿಲ್ಲದ ಪಂಕ್ತಿ ಅವನಿಗೆ ಚೆನ್ನಾಗಿ ಒಗ್ಗಿಬಂದಿತ್ತು.

ಆಗ ದೊಡ್ಡ ಲಡಾಯಿ ನಡೆದ ಕಾಲ. ದಾಂಡೇಲಿಯ ಕಾಡಿನ ಕಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ ಬಂದು, ಹೊಳೆಯ ಈಚೆ ದಂಡೆಯಲ್ಲಿ ಒಂದು ಹೊಸ ಗಿರಣಿ ಎದ್ದಿತು. ಸೈನ್ಯದ ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಹಲಗೆ ಕೊರೆಯುವುದು ಅದರ ಕೆಲಸ. ಉಳವಪ್ಪ ಅಲ್ಲಿಗೆ ಮಾಡಿನ ತಗಡು ಹೊದಿಸಲು ಎಂಟು ದಿನಕ್ಕೆಂದು ಹೋದವನು ಅಲ್ಲಿಯೇ ನಿಂತ. ಹೆಂಡತಿ ನೀಲಕ್ಕನೂ ಬಂದಳು. ಗಿರಣಿಯ ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು. ತಾನು ಇಲ್ಲದಿದ್ದರೆ ಗಿರಣಿ ನಡೆಯುವುದಿಲ್ಲ ಎಂಬ ನಂಬಿಕೆ ಉಳವಪ್ಪನಿಗೆ ಒಂದೇ ವಾರದಲ್ಲಿ ಬಂತು. ಗಿರಣಿಯವರಿಗೆ ಆ ನಂಬಿಕೆ ಬರಲು ಸ್ವಲ್ಪ ಸಮಯ ಹಿಡಿಯಿತು.

ಕೆಲಸಕ್ಕೆ ಜನ ಬೇಕು ಎಂದಾಗ ಅವನೇ ಮುಂದೆ ನಿಂತು ಕರೆತಂದವನು ಥಾವರೆಪ್ಪ. ಮುಂಡಗೋಡದ ಕಡೆಯ ತಾಂಡಾದವನು, ಕಬ್ಬು ಕಡಿಯಲು ಹಳಿಯಾಳಕ್ಕೆ ಬಂದಿದ್ದ. ಬಿಸಿಲಲ್ಲಿ ಯಾಕೆ ಸಾಯುತ್ತೀ, ನೆರಳಿನ ಕೆಲಸ ಇದೆ ಬಾ ಎಂದು ಉಳವಪ್ಪ ಸಂತೆಯಲ್ಲಿ ಅವನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದ. ಥಾವರೆಪ್ಪ ಬಂದ, ಹೆಂಡತಿ ದೇವಿಬಾಯಿಯೂ ಬಂದಳು. ನೆರಳಿನ ಕೆಲಸ ನಿಜವೇ. ಉದ್ದನೆಯ ಮಾಡಿನ ಕೆಳಗೆ ಸಾಲಾಗಿ ಆರು ಗರಗಸ. ಇಂಜಿನ್ ಕೋಣೆಯ ಹತ್ತಿರದ ಮೊದಲ ಗರಗಸ ದಿಮ್ಮಿ ಸೀಳುತ್ತಿತ್ತು. ತುದಿಯ ಆರನೆಯದು ಪೆಟ್ಟಿಗೆಯ ತೆಳು ಹಲಗೆ ಎಳೆಯುತ್ತಿತ್ತು. ತೆಳು ಕೆಲಸಕ್ಕೆ ಥಾವರೆಪ್ಪನಂಥ ಕೈ ಇಡೀ ಗಿರಣಿಯಲ್ಲಿ ಇನ್ನೊಂದಿರಲಿಲ್ಲ, ಹಾಗಾಗಿ ಆರನೆಯದು ಅವನ ಪಾಲಿಗೆ ಬಂತು. ಹಲಗೆ ತೆಳುವಾದಷ್ಟೂ ಹೊಟ್ಟು ಸಣ್ಣದು. ಮೊದಲ ಗರಗಸದ ಹೊಟ್ಟು ರವೆಯ ಹಾಗೆ ಕೆಳಗೆ ಬೀಳುತ್ತಿತ್ತು, ಆರನೆಯದರ ಹೊಟ್ಟು ಹಿಟ್ಟಿನ ಹಾಗೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಅದನ್ನು ಉಸಿರಾಡಿಕೊಂಡು ಎರಡು ವರ್ಷ ಕಳೆಯುವುದರೊಳಗೆ ಥಾವರೆಪ್ಪನಿಗೆ ಕೆಮ್ಮು ಹತ್ತಿತು.

ಅವನು ಹಾಡುಗಾರ. ಹೋಳಿ ಹಬ್ಬಕ್ಕೆ ತಾಂಡಾದಲ್ಲಿ ಗಂಡಸರ ಗುಂಪಿನ ಮುಂದೆ ನಿಂತು ಹಾಡು ಎತ್ತುತ್ತಿದ್ದವನು. ಆ ವರ್ಷದ ಹೋಳಿಗೆ ಹೋಗಿ ಒಂದು ನುಡಿಯನ್ನೂ ಮುಗಿಸಲಾರದೆ ಕೆಮ್ಮುತ್ತ ಕುಳಿತುಬಿಟ್ಟನಂತೆ. ದೇವಿಬಾಯಿ ಇದನ್ನು ನೀಲಕ್ಕನಿಗೆ ಹೇಳಿ ಕಣ್ಣೊರೆಸಿಕೊಂಡಳು. ನೀಲಕ್ಕ ಗಂಡನಿಗೆ ಹೇಳಿದಳು. ಉಳವಪ್ಪ ಅಂದು ರಾತ್ರಿ ಎರಡೇ ರೊಟ್ಟಿ ಉಂಡ. ಅವನ ಲೆಕ್ಕದಲ್ಲಿ ಅದು ಉಪವಾಸ.

ಗಿರಣಿಯ ಮೆನೇಜರು ಬಸಲಿಂಗಯ್ಯನವರು ಕೆಟ್ಟವರಲ್ಲ. ಥಾವರೆಪ್ಪನನ್ನು ಧಾರವಾಡದ ಡಾಕ್ಟರಿಗೆ ತೋರಿಸಿದರು. ಇನ್ನೊಂದು ವರ್ಷ ಈ ಹೊಟ್ಟು ಒಳಗೆ ಹೋದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಹೊಟ್ಟು ಇಲ್ಲದ ಕೆಲಸ ಗಿರಣಿಯಲ್ಲಿ ಯಾವುದಿದೆ? ಗರಗಸ ಬದಲಿಸೋಣವೆಂದರೆ ಥಾವರೆಪ್ಪ ಒಪ್ಪಲಿಲ್ಲ, ತಾನು ತಿಂದದ್ದನ್ನು ಇನ್ನೊಬ್ಬನಿಗೆ ತಿನ್ನಿಸಲಾರೆ ಎಂದ. ಕೊನೆಗೆ ಬಸಲಿಂಗಯ್ಯನವರು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಗಡುವು ಇಟ್ಟರು. ಹುಬ್ಬಳ್ಳಿಯ ಮುಚ್ಚಿದ ಹತ್ತಿ ಗಿರಣಿಯಿಂದ ಗಾಳಿ ಎಳೆಯುವ ಒಂದು ಹಳೆಯ ಫ್ಯಾನು ಬರುವುದಿತ್ತು. ದೀಪಾವಳಿಯೊಳಗೆ ಅದರಿಂದ ಹೊಟ್ಟು ಹೋಗುವಂತಾದರೆ ಸರಿ, ಇಲ್ಲವಾದರೆ ಥಾವರೆಪ್ಪ ತಾಂಡಾಕ್ಕೆ ಹಿಂತಿರುಗಬೇಕು. ತಾಂಡಾದಲ್ಲಿ ಅವನಿಗೆ ಅಂಗೈಯಗಲ ಹೊಲವೂ ಇರಲಿಲ್ಲ.

ಮಳೆಗಾಲದ ಮೊದಲಿಗೆ ಫ್ಯಾನು ಬಂತು. ಅದನ್ನು ಇಂಜಿನ್ ಕೋಣೆಯ ಗೋಡೆಗೆ ಕೂರಿಸಿದರು. ಇನ್ನು ಬೇಕಾದದ್ದು ಮಾಡಿನ ಕೆಳಗೆ ಆರೂ ಗರಗಸದ ಮೇಲೆ ಹಾಯುವ ಒಂದು ಉದ್ದನೆಯ ಕೊಳವೆ, ಅದರಿಂದ ಪ್ರತಿ ಗರಗಸದ ಪಕ್ಕಕ್ಕೆ ಇಳಿಯುವ ಒಂದೊಂದು ಬಾಯಿ. ಕೆಲಸ ಉಳವಪ್ಪನದು ಎಂದು ಬೇರೆ ಹೇಳಬೇಕಾಗಿಲ್ಲ. ಬಸಲಿಂಗಯ್ಯನವರು ಹೇಳುವ ಮೊದಲೇ ಅವನು ಅಳತೆ ಕೋಲು ಹಿಡಿದು ನಿಂತಿದ್ದ.

ಮೊದಲ ತಕರಾರು ಕೊಳವೆಯ ಗಾತ್ರದ ಮೇಲೆ ಎದ್ದಿತು. ಒಂದೊಂದು ಬಾಯಿ ನಾಲ್ಕು ಇಂಚು ಎಂದು ಗೊತ್ತಾಗಿತ್ತು. ಬಸಲಿಂಗಯ್ಯನವರು ಕಾಗದ ತೆಗೆದು, ಆರು ನಾಲ್ಕಲೆ ಇಪ್ಪತ್ನಾಲ್ಕು, ಆರು ಬಾಯಿಯ ಗಾಳಿ ಒಂದಾಗಬೇಕಾದರೆ ದೊಡ್ಡ ಕೊಳವೆ ಇಪ್ಪತ್ನಾಲ್ಕು ಇಂಚು ಬೇಕೆಂದರು. ಲಡಾಯಿಯ ದಿನಗಳಲ್ಲಿ ಅಷ್ಟು ತಗಡು ಹಳಿಯಾಳದಲ್ಲಿ ಅಷ್ಟೇ ಅಲ್ಲ, ಬೆಳಗಾವಿಯಲ್ಲೂ ಸಿಗುವಂತಿರಲಿಲ್ಲ. ಅವರು ಕನ್ನಡಕ ತೆಗೆದು ನಿಟ್ಟುಸಿರು ಬಿಟ್ಟರು.

ಉಳವಪ್ಪ ಒಂದು ತಗಡಿನಿಂದ ನಾಲ್ಕಿಂಚಿನ ನಾಲ್ಕು ಬಿಲ್ಲೆ ಕತ್ತರಿಸಿದ. ಅದೇ ತಗಡಿನಿಂದ ಎಂಟಿಂಚಿನ ಒಂದು ಬಿಲ್ಲೆ ಕತ್ತರಿಸಿದ. ಅಂಗಡಿಯ ತಕ್ಕಡಿ ತರಿಸಿ ನಾಲ್ಕನ್ನು ಒಂದು ತಟ್ಟೆಯಲ್ಲಿ, ಒಂದನ್ನು ಇನ್ನೊಂದರಲ್ಲಿ ಇಟ್ಟ. ಮುಳ್ಳು ನೆಟ್ಟಗೆ ನಿಂತಿತು. ಬಸಲಿಂಗಯ್ಯನವರು ತಟ್ಟೆ ಅದಲು ಬದಲು ಮಾಡಿ ನೋಡಿದರು, ಆಗಲೂ ಮುಳ್ಳು ನೆಟ್ಟಗೇ ನಿಂತಿತು. ಗಾಳಿ ಹಾಯುವುದು ಬಾಯಿಯ ಹರವಿನಲ್ಲಿ, ಅದರ ಅಡ್ಡಗಲದಲ್ಲಿ ಅಲ್ಲ, ಹರವನ್ನು ಅಳೆಯಲು ಬಾರದಿದ್ದರೆ ತೂಗಿಬಿಡಬೇಕು ಎಂಬುದು ಉಳವಪ್ಪನ ವಿದ್ಯೆ. ಹಾಲಿನ ಮಾಪು ಮಾಡುತ್ತ ಮಾಡುತ್ತ ಕೈಗೆ ಬಂದದ್ದು. ಆಮೇಲೆ ಆರು ಬಿಲ್ಲೆಗಳನ್ನು ಒಂದು ಕಡೆ ಇಟ್ಟು ಎದುರಿಗೆ ಒಂದೊಂದೇ ದೊಡ್ಡ ಬಿಲ್ಲೆ ಇಟ್ಟು ನೋಡಿದ. ಹತ್ತಿಂಚಿನದು ಚೂರು ಹೆಚ್ಚು ತೂಗಿತು. ಇಪ್ಪತ್ನಾಲ್ಕಲ್ಲ, ಹತ್ತು ಸಾಕು ಎಂದು ತೀರ್ಮಾನವಾಯಿತು. ಉಳವಪ್ಪ ಆ ಬಿಲ್ಲೆಗಳನ್ನು ದಾರದಲ್ಲಿ ಪೋಣಿಸಿ ಎರಡು ವಾರ ಕಂಡಕಂಡವರಿಗೆಲ್ಲ ತೋರಿಸಿದ. ಮೀನು ಮಾರಲು ಜೋಯಿಡಾದ ಕಡೆಯಿಂದ ಬಂದ ಒಬ್ಬ ಕೊಂಕಣಿ ಹೆಂಗಸನ್ನೂ ಬಿಡಲಿಲ್ಲ. ಅವಳು ಬುಟ್ಟಿ ಇಳಿಸದೆ ಪೂರ್ತಿ ಕೇಳಿ, ಕನ್ನಡ ತಿಳಿಯುವುದಿಲ್ಲ ಎಂದು ಹೇಳಿ ಹೋದಳು.

ಮುಂದಿನದರಲ್ಲಿ ಅವನು ಯಾರನ್ನೂ ಕೇಳಲಿಲ್ಲ. ಕೇಳಬೇಕಾದದ್ದು ಇದೆ ಎಂದೇ ಅನಿಸಲಿಲ್ಲ. ಆರು ಗರಗಸ ಸಾಲಾಗಿ ನಿಂತದ್ದು ಕಂಡಾಗ ಅವನಿಗೆ ಕಂಡದ್ದು ಪಂಕ್ತಿ. ಪಂಕ್ತಿಯಲ್ಲಿ ಭೇದ ಉಂಟೇ? ಆರಕ್ಕೂ ಒಂದೇ ಅಳತೆಯ ಬಾಯಿ. ಕೊಳವೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗಾತ್ರ, ಹತ್ತಿಂಚು. ಚಿಮಣಿ ಎಣ್ಣೆಯ ಹಳೆಯ ಡಬ್ಬಿಗಳನ್ನು ಬಿಚ್ಚಿ, ಬಡಿದು ಚಪ್ಪಟೆ ಮಾಡಿ, ರಿವೆಟ್ಟು ಹೊಡೆದು, ಬೆಸುಗೆ ಹಾಕಿ, ಶ್ರಾವಣ ಇಡೀ ದುಡಿದು ಕೊಳವೆ ಎತ್ತಿದ. ಕೆಲಸ ನೋಡಲು ಚಂದವಿತ್ತು, ಅದನ್ನು ಒಪ್ಪಲೇಬೇಕು. ಎಲ್ಲಿಯೂ ಒಂದು ಸೂಜಿ ಮೊನೆಯಷ್ಟು ಸಂದಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಫ್ಯಾನು ತಿರುಗಿಸಿದರು. ಇಡೀ ಗಿರಣಿ ಕೆಲಸ ಬಿಟ್ಟು ಸೇರಿತ್ತು. ಸೇರಿಸಿದ್ದು ಉಳವಪ್ಪನೇ. ಅಂಗೈಯಲ್ಲಿ ಒಂದು ಚಿಟಿಕೆ ವಿಭೂತಿ ಪುಡಿ ಇಟ್ಟುಕೊಂಡು, ಅದನ್ನು ಬಾಯಿ ಎಷ್ಟು ದೂರದಿಂದ ಎಳೆದುಕೊಳ್ಳುತ್ತದೆ ಎಂದು ಬೆರಳಿನ ಲೆಕ್ಕದಲ್ಲಿ ತೋರಿಸುವುದು ಅವನ ಏರ್ಪಾಡು. ಮೊದಲ ಗರಗಸದ ಹತ್ತಿರ ಹೋದ. ಅಂಗೈ ಇನ್ನೂ ಗೇಣು ದೂರವಿತ್ತು, ವಿಭೂತಿ ಹಾರಿ ಹೋಯಿತು. ಜನ ಹೋ ಎಂದರು. ಆ ಗರಗಸದ ಈಶಪ್ಪ ಇನ್ನೂ ಚೆನ್ನಾಗಿ ನೋಡಲು ಬಗ್ಗಿದ. ಹೆಗಲ ಮೇಲಿದ್ದ ಅವನ ವಸ್ತ್ರ ಕೊಳವೆಯ ಬಾಯಿಗೆ ಹೋಯಿತು. ಅದು ಮಾಡಿನ ಕೆಳಗೆ ಸರ್ರನೆ ಓಡಿದ ಸದ್ದು ಎಲ್ಲರಿಗೂ ಕೇಳಿತು, ಆಮೇಲೆ ಫ್ಯಾನಿನಲ್ಲಿ ಚಿಂದಿಯಾದ ಸದ್ದೂ ಕೇಳಿತು. ಎರಡನೆಯ ಬಾಯಿ ಆರು ಬೆರಳು ದೂರದಿಂದ ಎಳೆಯಿತು, ಮೂರನೆಯದು ನಾಲ್ಕು. ಐದನೆಯದಕ್ಕೆ ಬರುವಾಗ ಉಳವಪ್ಪ ಮಾತು ಕಡಿಮೆ ಮಾಡಿದ್ದ. ಆರನೆಯದರ ಮುಂದೆ ಥಾವರೆಪ್ಪ ನಿಂತಿದ್ದ. ಉಳವಪ್ಪ ಅಂಗೈಯನ್ನು ಬಾಯಿಯ ಅಂಚಿಗೆ ತಾಗಿಸಿ ಹಿಡಿದ. ವಿಭೂತಿ ಕದಲಲಿಲ್ಲ.

ಅಂದಿನಿಂದ ಎಂಟು ದಿನ ಉಳವಪ್ಪ ಕೊಟ್ಟ ಕಾರಣಗಳನ್ನು ಬರೆದಿಟ್ಟರೆ ಒಂದು ಪುಸ್ತಕವಾಗುತ್ತಿತ್ತು. ಫ್ಯಾನಿನ ಪಟ್ಟಿ ಸಡಿಲ. ಮಳೆಗಾಲದ ಗಾಳಿ ಭಾರ. ಹತ್ತಿ ತಿಂದ ಫ್ಯಾನಿಗೆ ಕಟ್ಟಿಗೆ ರೂಢಿಯಿಲ್ಲ. ಪಟ್ಟಿ ಬಿಗಿದರು, ಈಶಪ್ಪನ ಕಡೆ ಇನ್ನಷ್ಟು ಎಳೆಯಿತು ಅಷ್ಟೇ. ಒಂದು ದಿನ ಥಾವರೆಪ್ಪ ಒಂದು ಕೋಲು ತೆಗೆದು ತನ್ನ ತಲೆಯ ಮೇಲಿನ ಕೊಳವೆಯನ್ನು ಮೆಲ್ಲಗೆ ಬಡಿದ. ಡಬ್ ಎಂದಿತು. ಈಶಪ್ಪನ ಕಡೆ ಬಡಿದರೆ ಠಣ್ ಎನ್ನುತ್ತಿತ್ತು. ತುದಿಯಲ್ಲಿ ಹೊಟ್ಟು ಒಳಗೆ ಕೂತುಬಿಟ್ಟಿತ್ತು. ತಮ್ಮ ತಾಂಡಾದ ಹಳ್ಳದಲ್ಲಿಯೂ ಹೀಗೇ, ಸಣ್ಣ ನೀರು ಅಗಲ ಜಾಗಕ್ಕೆ ಬಂದಲ್ಲಿ ಉಸುಕು ಇಳಿಸಿ ಹೋಗುತ್ತದೆ ಎಂದು ಥಾವರೆಪ್ಪ ಕೆಮ್ಮಿನ ನಡುವೆ ಹೇಳಿದ. ಉಳವಪ್ಪನಿಗೆ ಅದು ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿ ಆಗ ಬೇರೆ ಏನೋ ತುಂಬಿತ್ತು. ಆ ರಾತ್ರಿ ಹೆಂಡತಿಯ ಮುಂದೆ ಅದು ಹೊರಗೆ ಬಂತು.

"ಕಬ್ಬಿನ ಹೊಲದಾಗ ಛಲೋ ಇದ್ದ ಅಂವಾ. ನಾನ ಹೆಗಲ ಮ್ಯಾಲ ಕೈ ಹಾಕಿ ಕರಕೊಂಡ ಬಂದೆ" ಎಂದ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ತನ್ನ ಮೇಲೆ ತಪ್ಪು ಹೊತ್ತುಕೊಂಡದ್ದನ್ನು ನೀಲಕ್ಕ ಕೇಳಿದ್ದು ಅದೇ ಮೊದಲು. ಅವಳಿಗೆ ಕರುಣೆ ಬಂತು. ಜೊತೆಗೆ ಸ್ವಲ್ಪ ಗಾಬರಿಯೂ ಆಯಿತು.

ಇಷ್ಟರಲ್ಲಿ ನವರಾತ್ರಿ ಬಂತು. ಮಹಾನವಮಿಯ ದಿನ ಗಿರಣಿಯಲ್ಲಿ ಖಂಡೆಪೂಜೆ. ಗರಗಸಗಳನ್ನು ತೊಳೆದು ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಆಮೇಲೆ ಅದೇ ಮಾಡಿನ ಕೆಳಗೆ ಎಲ್ಲರಿಗೂ ಹುಗ್ಗಿಯ ಊಟ. ಇಂಜಿನ್ ಕೋಣೆಯ ಹಿಂದಿನ ಪಡಸಾಲೆಯಲ್ಲಿ ಒಲೆ ಹೂಡಿ ಹೆಂಗಸರು ಅಡುಗೆ ಮಾಡುತ್ತಿದ್ದರು, ಬಡಿಸುವ ಮುಂದಾಳತ್ವ ನೀಲಕ್ಕನದು. ಮೊದಲ ವರ್ಷ ಥಾವರೆಪ್ಪನನ್ನೂ ಅವನ ಹಿಂದೆ ಕೆಲಸಕ್ಕೆ ಬಂದ ತಾಂಡಾದವರನ್ನೂ ಬೇರೆ ಸಾಲಿನಲ್ಲಿ ಕೂರಿಸುವ ಮಾತು ಎದ್ದಿತ್ತು. ಆಗ ಉಳವಪ್ಪ ರುಮಾಲು ತೆಗೆದು ನೆಲದ ಮೇಲೆ ಇಟ್ಟು, ಸಾಲು ಒಂದೇ ಆಗದಿದ್ದರೆ ತಾನು ಉಣ್ಣುವುದಿಲ್ಲ ಎಂದು ಹಠ ಹಿಡಿದ. ಉಳವಪ್ಪ ಉಣ್ಣುವುದಿಲ್ಲ ಎಂದರೆ ವಿಷಯ ಗಂಭೀರ ಎಂದು ಎಲ್ಲರಿಗೂ ತಿಳಿಯಿತು. ಸಾಲು ಒಂದೇ ಆಯಿತು. ಅವನ ಬಗ್ಗೆ ಏನೇ ನಗಾಡಿದರೂ ಈ ಒಂದನ್ನು ಮರೆಯಬಾರದು. ಆ ಒಂದೇ ಸಾಲಿನಲ್ಲಿ ತಾಂಡಾದವರು ತಾವಾಗಿಯೇ ಹೋಗಿ ತುದಿಯಲ್ಲಿ ಕೂತುಕೊಳ್ಳುತ್ತಿದ್ದರು. ಅದನ್ನು ಉಳವಪ್ಪ ನೋಡಿರಲಿಲ್ಲ, ಬಾಗಿಲ ಪಕ್ಕದಿಂದ ತುದಿ ಅಷ್ಟು ಸ್ಪಷ್ಟ ಕಾಣುವುದೂ ಇಲ್ಲ.

ಈ ಸಲ ಬಾಗಿಲ ಪಕ್ಕದಲ್ಲಿ ಅವನ ಎಲೆ ಖಾಲಿ ಇತ್ತು. ಆದರೆ ಪಕ್ಕದಲ್ಲೇ ಈಶಪ್ಪ ಕುಳಿತು, ತನ್ನ ವಸ್ತ್ರ ಕಾಶೀಯಾತ್ರೆಗೆ ಹೋದ ಕಥೆಯನ್ನು ಹತ್ತನೆಯ ಸಲ ಹೇಳುತ್ತಿದ್ದ. ಹೇಳಿದಷ್ಟೂ ವಸ್ತ್ರ ದೊಡ್ಡದಾಗುತ್ತಿತ್ತು. ಉಳವಪ್ಪ ತಲೆ ತಗ್ಗಿಸಿಕೊಂಡು ಆ ಎಲೆಯನ್ನು ದಾಟಿ, ಆರೂ ಗರಗಸಗಳನ್ನು ದಾಟಿ, ತುದಿಯಲ್ಲಿ ಥಾವರೆಪ್ಪನ ಪಕ್ಕ ಹೋಗಿ ಕೂತ. ಥಾವರೆಪ್ಪ ಸರಿದು ಜಾಗ ಮಾಡಿದ.

ಅಲ್ಲಿ ಕೂತಾಗ ಉಳವಪ್ಪನಿಗೆ ಮೊದಲು ಅರಿವಾದದ್ದು ಹಸಿವು. ಪಾತ್ರೆ ಬಾಗಿಲಿನಿಂದ ಹೊರಟಿತು, ಬರುತ್ತ ಬರುತ್ತ ನಿಂತಿತು. ಯಾರೋ ಇನ್ನಷ್ಟು ಕೇಳಿದರು, ಪಾತ್ರೆ ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಯಾರೋ ಕರೆದರು. ಬಾಗಿಲ ಪಕ್ಕದವರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಳ್ಳುವಾಗ ತುದಿಯ ಎಲೆಯ ಮೇಲೆ ಇನ್ನೂ ಉಪ್ಪು ಮಾತ್ರ ಇತ್ತು. ಬೇರೆ ಕೆಲಸವಿಲ್ಲದೆ ಉಳವಪ್ಪ ಹೆಂಡತಿ ಬಡಿಸುವುದನ್ನೇ ನೋಡಿದ. ಬಾಗಿಲ ಹತ್ತಿರ ಅವಳ ಕೈಯಲ್ಲಿ ಸಣ್ಣ ಸೌಟು. ನಡುವಿಗೆ ಬಂದಾಗ ಅದನ್ನು ಪಾತ್ರೆಯ ಅಂಚಿಗೆ ಸಿಕ್ಕಿಸಿ ದೊಡ್ಡ ಸೌಟು ತೆಗೆದಳು. ತುದಿಗೆ ಬಂದು ಥಾವರೆಪ್ಪನ ಎಲೆಗೆ ಎರಡು, ಗಂಡನ ಎಲೆಗೆ ಎರಡು ತುಂಬು ಸೌಟು ಸುರಿದಳು.

ಉಳವಪ್ಪನ ಮನಸ್ಸಿಗೆ ನೋವಾಯಿತು. ಬಾಗಿಲ ಪಕ್ಕ ತನಗೆ ಇಷ್ಟು ವರ್ಷ ಸಿಕ್ಕದ್ದು ಸಣ್ಣ ಸೌಟು. ಅದು ಹೆಂಡತಿಯ ಜಿಪುಣತನ ಎಂದು ಅವನು ತಿಳಿದಿದ್ದ. ಪಂಕ್ತಿಯಲ್ಲಿ ಎರಡು ಸೌಟು ಯಾಕೆ ಎಂದು ಮೆಲ್ಲಗೆ, ಆದರೆ ಬಿಗಿಯಾಗಿ ಕೇಳಿದ.

"ನಿಮ್ಮ ಬಾಗಲದಾಗಿನ ಎಲಿ ಮುಂದ ನಾ ನಾಕು ಸಲ ಹಾಯ್ತೇನಿ. ಇಲ್ಲಿಗೆ ಬರೂದು ಒಂದ ಸಲ" ಎಂದಳು ನೀಲಕ್ಕ. "ಸೌಟು ಒಂದ ಇಟ್ಟರ ಹುಗ್ಗಿ ಒಂದ ಆಗೂದಿಲ್ಲರಿ."

ಅಷ್ಟು ಹೇಳಿ ಅವಳು ಮುಂದೆ ಹೋದಳು. ಉಳವಪ್ಪನ ತುತ್ತು ಕೈಯಲ್ಲೇ ಉಳಿಯಿತು. ತಲೆ ಎತ್ತಿ ನೋಡಿದ. ಪಂಕ್ತಿಯ ಮೇಲೆ ಉದ್ದಕ್ಕೂ ಅವನದೇ ಕೊಳವೆ. ಆ ತುದಿಯಲ್ಲಿ ಅಡುಗೆ ಬಾಗಿಲು, ಅದರ ಪಕ್ಕದಲ್ಲೇ ಫ್ಯಾನು. ಈ ತುದಿಯಲ್ಲಿ ತಾನು, ಥಾವರೆಪ್ಪ, ಆರನೆಯ ಬಾಯಿ. ಹುಗ್ಗಿ ಅಲ್ಲಿಂದ ಬರುತ್ತದೆ, ಗಾಳಿ ಅಲ್ಲಿಗೆ ಹೋಗುತ್ತದೆ, ದಾರಿ ಒಂದೇ. ಫ್ಯಾನಿನ ಪಕ್ಕದ ಬಾಯಿ ಬೇಕಾದಷ್ಟು ಕುಡಿದು, ಎರಡನೆಯದು ಕುಡಿದು, ತುದಿಗೆ ಬರುವ ಹೊತ್ತಿಗೆ ಫ್ಯಾನಿಗೆ ಎಳೆಯುವ ಕಸುವೇ ಉಳಿದಿರಲಿಲ್ಲ. ಇದರ ಜೊತೆಗೇ ಥಾವರೆಪ್ಪನ ಹಳ್ಳವೂ ನೆನಪಾಯಿತು. ಆರೂ ಬಾಯಿಯ ಗಾಳಿ ಹತ್ತಿಂಚು ತುಂಬುವುದು ಫ್ಯಾನಿನ ಹತ್ತಿರ ಮಾತ್ರ. ಇಲ್ಲಿ ತುದಿಯಲ್ಲಿ ಹಾಯುವುದು ಒಂದೇ ಬಾಯಿಯ ಗಾಳಿ. ಅದಕ್ಕೆ ಹತ್ತಿಂಚಿನ ಅಗಲ ಬಿಟ್ಟರೆ ಅದು ನಿಧಾನವಾಗಿ ಹೊಟ್ಟು ಇಳಿಸಿ ಮಲಗದೆ ಇನ್ನೇನು ಮಾಡೀತು? ಆರು ಬಿಲ್ಲೆಗಳನ್ನು ಒಟ್ಟಿಗೆ ತೂಗಿದ್ದ, ಒಂದೊಂದಾಗಿ ತೂಗಿರಲಿಲ್ಲ.

ಎದ್ದು ಓಡಬೇಕು ಎನಿಸಿತು. ಆದರೆ ಎಲೆಯ ಮೇಲೆ ಎರಡು ಸೌಟು ಹುಗ್ಗಿ ಇತ್ತು. ಉಂಡೇ ಎದ್ದ.

ಮರುದಿನ ಬನ್ನಿ ಕೊಡುವ ಹಬ್ಬ. ಎಲ್ಲರೂ ಒಬ್ಬರಿಗೊಬ್ಬರು ಬನ್ನಿ ಕೊಡುತ್ತ ಓಡಾಡುವಾಗ ಉಳವಪ್ಪ ಏಣಿ ಹಾಕಿ ತನ್ನ ಚಂದದ ಕೊಳವೆಯನ್ನು ಬಿಚ್ಚುತ್ತಿದ್ದ. ತಕ್ಕಡಿ ಮತ್ತೆ ಬಂತು. ಈ ಸಲ ತುದಿಯಿಂದ ಶುರು. ಆರನೆಯ ಗರಗಸದ ಮೇಲೆ ಒಂದು ಬಿಲ್ಲೆಯ ತೂಕದ ಕೊಳವೆ, ಅಂದರೆ ನಾಲ್ಕೇ ಇಂಚು. ಐದನೆಯದು ಬಂದು ಕೂಡಿದಲ್ಲಿ ಎರಡು ಬಿಲ್ಲೆಯದು. ನಾಲ್ಕನೆಯದು ಕೂಡಿದಲ್ಲಿ ಮೂರರದು. ಮೂರನೆಯದು ಕೂಡಿದಲ್ಲಿ ನಾಲ್ಕು ಬಿಲ್ಲೆ, ಸರಿಯಾಗಿ ಎಂಟಿಂಚು. ಹೀಗೆ ಒಂದೊಂದು ಬಾಯಿ ಕೂಡಿದಂತೆ ಕೊಳವೆ ದಪ್ಪವಾಗುತ್ತ ಫ್ಯಾನಿನ ಹತ್ತಿರ ಹತ್ತಿಂಚಿಗೆ ಹೋಗಿ ಮುಟ್ಟಿತು. ಸಣ್ಣದು ಮಾಡಿದ್ದರಿಂದ ಉಳಿದ ತಗಡಿನಲ್ಲಿ ಅವನು ಐದು ನಾಲಗೆ ಮಾಡಿದ. ನಾಲಗೆ ಎಂದರೆ ಬಾಯಿಯ ಕೊರಳಿನಲ್ಲಿ ಅಡ್ಡಕ್ಕೆ ತೂರಿಸುವ ತಗಡಿನ ಪಟ್ಟಿ. ಒಳಗೆ ಒತ್ತಿದಷ್ಟೂ ಆ ಬಾಯಿಗೆ ಗಾಳಿ ಕಡಿಮೆ. ಆರನೆಯದಕ್ಕೆ ನಾಲಗೆ ಇಡಲಿಲ್ಲ.

ನಾಲಗೆಗಳನ್ನು ಹದಕ್ಕೆ ತರುವುದು ಅವನು ಎಣಿಸಿದಷ್ಟು ಸುಲಭವಿರಲಿಲ್ಲ. ಒಂದನೆಯದನ್ನು ಒತ್ತಿದರೆ ಎರಡನೆಯದು ಜೋರು ಮಾಡುತ್ತಿತ್ತು. ಎರಡನ್ನು ಅಡಗಿಸಿದರೆ ಮೂರು ಏಳುತ್ತಿತ್ತು. ಅಂಗೈಯಲ್ಲಿ ವಿಭೂತಿ ಹಿಡಿದು ಬಾಯಿಯಿಂದ ಬಾಯಿಗೆ ಹನ್ನೆರಡು ದಿನ ಸುತ್ತಿದ. ತಂದಿಟ್ಟ ವಿಭೂತಿ ಗಟ್ಟಿ ಮೂರು ಮುಗಿದವು. ದೇವರಿಗೆ ಹಚ್ಚಿದ್ದಕ್ಕಿಂತ ಗಿರಣಿಗೆ ಹಚ್ಚಿದ್ದೇ ಹೆಚ್ಚಾಯಿತು, ಶಿವ ಗರಗಸದ ಹತ್ತಿರ ಹೋಗಿ ಕೂತುಕೊಳ್ಳಲಿ ಎಂದು ನೀಲಕ್ಕ ಗೊಣಗಿದಳು, ಗೊಣಗುತ್ತಲೇ ನಾಲ್ಕನೆಯ ಗಟ್ಟಿ ತೆಗೆದುಕೊಟ್ಟಳು.

ಈಶಪ್ಪ ಸುಮ್ಮನಿರಲಿಲ್ಲ. ಅವನ ಬಾಯಿಗೆ ನಾಲಗೆ ಅರ್ಧದಷ್ಟು ಒಳಗೆ ಹೋಗಿತ್ತು. ಸಮ ಎಂದು ಹೇಳುತ್ತಿದ್ದವನು ಈಗ ನನಗೆ ಮಾತ್ರ ಕತ್ತು ಹಿಚುಕಿದೆಯಲ್ಲ, ಇದು ಭೇದವಲ್ಲವೇ ಎಂದು ಎಲ್ಲರೆದುರು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಹಿಂದಿನ ಉಳವಪ್ಪನಾಗಿದ್ದರೆ ಒಂದು ತಾಸು ಉತ್ತರ ಹೇಳುತ್ತಿದ್ದ.

"ನಾ ಬಾಯಿ ಸಮ ಮಾಡಿದ್ದೆ ಈಶಪ್ಪ" ಎಂದ. "ಉಸಿರು ಸಮ ಆಗಿರಲಿಲ್ಲ."

ಈಶಪ್ಪ ತುದಿಯ ಕಡೆ ನೋಡಿ ತನ್ನ ಗರಗಸಕ್ಕೆ ಹಿಂತಿರುಗಿದ. ಅವನಿಗೊಂದು ಹೊಸ ವಸ್ತ್ರ ಮಾತ್ರ ಬೇಕಿತ್ತು, ಅದನ್ನು ನೀಲಕ್ಕ ಕೊಟ್ಟಳು.

ದೀಪಾವಳಿಗೆ ಎರಡು ದಿನ ಇರುವಾಗ ಬಸಲಿಂಗಯ್ಯನವರನ್ನು ಕರೆದರು. ಉಳವಪ್ಪ ಈ ಸಲ ಬೇರೆ ಯಾರನ್ನೂ ಕರೆಯಲಿಲ್ಲ, ಆದರೂ ಎಲ್ಲರೂ ಬಂದಿದ್ದರು. ದೇವಿಬಾಯಿ ಕಸಬರಿಗೆ ಹಿಡಿದು ದೂರ ನಿಂತಿದ್ದಳು. ಗರಗಸ ಆರೂ ಓಡುತ್ತಿದ್ದವು. ಮೊದಲ ಬಾಯಿ ವಿಭೂತಿಯನ್ನು ಐದು ಬೆರಳು ದೂರದಿಂದ ಎಳೆಯಿತು. ಎರಡನೆಯದು ಐದು. ಮೂರು, ನಾಲ್ಕು, ಐದು, ಎಲ್ಲವೂ ಐದೇ, ಒಂದು ಕಡೆ ಅರ್ಧ ಬೆರಳು ಹೆಚ್ಚು ಕಡಿಮೆ. ಆರನೆಯದಕ್ಕೆ ಬಂದಾಗ ಉಳವಪ್ಪ ನಿಂತುಬಿಟ್ಟ. ಅವನಿಗೆ ಭಯವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅಂಗೈಯನ್ನು ಥಾವರೆಪ್ಪನ ಮುಂದೆ ಚಾಚಿ, ನೀನೇ ಹಿಡಿ ಎಂದು ವಿಭೂತಿಯನ್ನು ಅವನ ಕೈಗೆ ಸುರಿದ. ಥಾವರೆಪ್ಪ ಕೈಯನ್ನು ಮೆಲ್ಲಗೆ ಬಾಯಿಯ ಕಡೆ ಒಯ್ದ. ಐದು ಬೆರಳು ದೂರ ಇರುವಾಗಲೇ ಅಂಗೈ ಖಾಲಿಯಾಯಿತು. ಆಮೇಲೆ ಅವನು ಒಂದು ಹಲಗೆ ಗರಗಸಕ್ಕೆ ಕೊಟ್ಟ. ಹಿಟ್ಟಿನಂಥ ಹೊಟ್ಟು ಎದ್ದು, ತಿರುಗಿ, ಕೊಳವೆಯೊಳಗೆ ಹೋಯಿತು. ದೇವಿಬಾಯಿ ಗುಡಿಸಲು ಕಾದಳು. ಗುಡಿಸುವಂಥದ್ದು ಹೆಚ್ಚೇನೂ ಬೀಳಲಿಲ್ಲ.

ಬಸಲಿಂಗಯ್ಯನವರು ಕನ್ನಡಕ ಒರೆಸಿ, ಥಾವರೆಪ್ಪ ಹಬ್ಬಕ್ಕೆ ತಾಂಡಾಕ್ಕೆ ಹೋಗಿ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಬರಲಿ ಎಂದರು. ಕೆಮ್ಮು ಅಂದೇ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಳಿಗಾಲವೆಲ್ಲ ಇತ್ತು. ಮುಂದಿನ ಹೋಳಿಗೆ ಅವನು ಎರಡು ನುಡಿ ಹಾಡಿ ಕೂತನಂತೆ. ಧಾರವಾಡದ ಡಾಕ್ಟರು, ಹೋದದ್ದು ಪೂರ್ತಿ ಬರುವುದಿಲ್ಲ, ಇದ್ದದ್ದು ಉಳಿಯಿತು ಎಂದರು. ಉಳವಪ್ಪ ಬಿಲ್ಲೆಗಳ ಜೊತೆಗೆ ಈಗ ಒಂದು ನಾಲಗೆಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಕಂಡವರಿಗೆ ತೋರಿಸತೊಡಗಿದ. ಮನುಷ್ಯ ಒಂದೇ ಸಲಕ್ಕೆ ಎಷ್ಟು ಬದಲಾದಾನು? ಸೌಟಿನ ಮಾತನ್ನು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಊರಿಗೆಲ್ಲ ಹೇಳಿದವನು ಥಾವರೆಪ್ಪ.

ಮುಂದಿನ ವರ್ಷದ ಖಂಡೆಪೂಜೆಗೆ ಉಳವಪ್ಪ ಮತ್ತೆ ಬಾಗಿಲ ಪಕ್ಕದ ಎಲೆಗೇ ಬಂದು ಕೂತ. ನೀಲಕ್ಕ ನೋಡಿ ನಕ್ಕಳು, ಸಣ್ಣ ಸೌಟಿನಲ್ಲಿ ಒಂದು ಹಾಕಿ ಮುಂದೆ ಹೋದಳು. ಉಳವಪ್ಪ ಉಣ್ಣಲು ಶುರುಮಾಡದೆ ಕಾದ. ಪಾತ್ರೆ ಸಾಲಿನುದ್ದಕ್ಕೂ ಹೋಗಿ ತುದಿ ಮುಟ್ಟಿತು. ಆಗ ಆರೂ ಗರಗಸದ ಆಚೆಯಿಂದ ಥಾವರೆಪ್ಪನ ಕೂಗು ಬಂತು.

"ಉಳವಣ್ಣ, ಹುಗ್ಗಿ ಇಲ್ಲಿಗೆ ಬಂತು ನೋಡಪಾ. ನೀ ಉಣ್ಣು."

ಮಾಡಿನ ಈ ತುದಿಗೆ ಆ ಕೂಗು ಇಡಿಯಾಗಿ ಬಂದು ಮುಟ್ಟಿತು, ನಡುವೆ ಎಲ್ಲಿಯೂ ತುಂಡಾಗಲಿಲ್ಲ. ಇದರ ಹಿಂದೆ ಕೆಮ್ಮು ಬರುತ್ತದೆಯೇ ಎಂದು ಉಳವಪ್ಪ ಬೆರಳು ಮಡಿಚಿ ಎಣಿಸಿದ. ಐದು ಬೆರಳು ಮಡಿಚಿ ಮುಗಿದವು. ಕೆಮ್ಮು ಬರಲಿಲ್ಲ. ಆಮೇಲೆ ತಲೆ ತಗ್ಗಿಸಿ ತುತ್ತು ಎತ್ತಿದ.

ನೀಲಕ್ಕ ಹಿಂದಕ್ಕೆ ಬರುತ್ತ ರೂಢಿಯಂತೆ ಅವನ ಎಲೆಯ ಮುಂದೆ ನಿಂತು ಸೌಟು ಎತ್ತಿದಳು. ಉಳವಪ್ಪ ಎಲೆಗೆ ಕೈ ಅಡ್ಡ ಹಿಡಿದ.

"ಸಾಕು. ಅತ್ತಾಗ ಹಾಕಿ ಬಾ" ಎಂದ.

ಆ ಬಾಯಿಂದ ಸಾಕು ಎನ್ನುವ ಮಾತನ್ನು ಅವಳು ಇಪ್ಪತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. ಗಂಡನ ಮೈಗೆ ಹುಷಾರಿಲ್ಲವೇನೋ ಎಂದು ಮುಖ ನೋಡಿದಳು. ಕಣ್ಣು ಒದ್ದೆಯಾಗಿತ್ತು. ಅವಳು ದೊಡ್ಡ ಸೌಟು ತೆಗೆದುಕೊಂಡು ಮತ್ತೆ ತುದಿಯ ಕಡೆಗೆ ನಡೆದಳು.